ಲಾಭ, ಎರಡು, ಮೂರು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಚೀಟಿ ಇದೆ. ಬೇರೆಯವರ ಮನೆಯಲ್ಲಿ ಗ್ಯಾಸಿನವರ ನಂಬರೋ ಮಕ್ಕಳ ಟೈಂಟೇಬಲ್ಲೋ ಇರುವ ಜಾಗ ಅದು. ನಮ್ಮಲ್ಲಿ ಇರುವುದು ಹೀಗೆ:

ಹಾಕು(ನೀರು + 9, 5, 20);

ಇದರಲ್ಲಿ ಒಂಬತ್ತನ್ನು ಕೆಂಪು ಶಾಯಿಯಲ್ಲಿ ಹೊಡೆದು, ಅದರ ತಲೆಯ ಮೇಲೆ ಎಂಟು ಎಂದು ಬರೆದಿದೆ. ಮೂಲದಲ್ಲಿ ಅಕ್ಷರಗಳು ಇಂಗ್ಲಿಷಿನವು; ನಿಮಗೆ ಕಷ್ಟವಾಗದಿರಲಿ ಎಂದು ನಮ್ಮ ಅಕ್ಷರಕ್ಕೆ ಇಳಿಸಿದ್ದೇನೆ. ಇಳಿಸಿದ ಮೇಲೂ ಕಷ್ಟವಾದರೆ ನಾನೇನು ಮಾಡಲಿ, ನನಗೂ ಹಾಗೇ ಆಯಿತು. ಮನೆಗೆ ಬಂದವರು ತಣ್ಣೀರಿಗೆಂದು ಫ್ರಿಜ್ಜಿನ ಮುಂದೆ ನಿಂತು ಇದನ್ನು ಓದಿ, ನನ್ನ ಮುಖ ನೋಡಿ, ಏನೂ ಕೇಳದೆ ನೀರು ಕುಡಿದು ಹೋಗುತ್ತಾರೆ. ನನ್ನ ತಂಗಿ ಮಾತ್ರ ಕೇಳಿದಳು. "ಇದು ಶುಗರ್ ಮಾತ್ರೆ ತಗೊಳೋ ಕ್ರಮಾನಾ ಅಣ್ಣ? ದಿನಕ್ಕೆ ಇಪ್ಪತ್ತಾ?"

ಮಾತ್ರೆಯಲ್ಲ. ಇದು ಸಿ ಎಂಬ ಭಾಷೆ. ಒಂದೇ ಅಕ್ಷರದ ಹೆಸರು. ಇಷ್ಟು ಚಿಕ್ಕ ಹೆಸರಿನ ಭಾಷೆ ಚಿಕ್ಕದೇ ಇರಬೇಕು ಎಂದು ನಂಬಿದ್ದು ನನ್ನ ಮೊದಲ ತಪ್ಪು. ಎರಡನೆಯ ತಪ್ಪು ಆ ಕೆಂಪು ಶಾಯಿಯ ಕೆಳಗಿದೆ. ಅದನ್ನು ಹೇಳಲೆಂದೇ ಕೂತಿದ್ದೇನೆ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಮಡಕೆ, ಬಾಳೆಹಣ್ಣು, ಅರ್ಧ ತೆರೆದ ಕೊಡೆ, ಇಷ್ಟರಲ್ಲೇ ಜೀವನ ಕಳೆದಿದೆ. ಈಗ ಬೂದಿಗೆರೆಯ ಹತ್ತಿರ ನಮ್ಮ ತೋಟದಲ್ಲಿ ಒಂದು ಸಾಲು ಚಕ್ಕೋತದ ಮರ ನೋಡಿಕೊಂಡಿದ್ದೇನೆ. ಒಂದೇ ಸಾಲು, ಇಪ್ಪತ್ತನಾಲ್ಕು ಮರ. ನಮ್ಮಜ್ಜಿ ಅಕ್ಕಯ್ಯಮ್ಮ, ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ ಬಾವಿಯ ಕಾಲುವೆಯುದ್ದಕ್ಕೂ ನೆಟ್ಟಿದ್ದು. ಬಾವಿ ಮುಚ್ಚಿಹೋಯಿತು, ಕಾಲುವೆ ದಾರಿಯಾಯಿತು, ಸಾಲು ಮಾತ್ರ ನಿಂತಿದೆ. ಸತ್ತ ಮರದ ಜಾಗಕ್ಕೆ ಇನ್ನೊಂದು ನೆಟ್ಟು ಸಾಲು ಮುರಿಯದಂತೆ ನೋಡಿಕೊಂಡು ಬಂದಿದ್ದೇವೆ.

ನನ್ನ ಸೊಸೆ ಪಲ್ಲವಿ ದೇವನಹಳ್ಳಿ ಕಡೆಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಾಳೆ. ನಾನು ಪೈಪು ಹೊತ್ತು ಮರದಿಂದ ಮರಕ್ಕೆ ಅಲೆಯುವುದನ್ನು ಎರಡು ಬೇಸಿಗೆ ನೋಡಿ, ಮೂರನೆಯ ಬೇಸಿಗೆಗೆ ಪಂಪ್‌ಸೆಟ್ ಮನೆಯಲ್ಲಿ ಒಂದು ಡಬ್ಬಿ ಕೂರಿಸಿದಳು. ಒಳಗೆ ಬೆಂಕಿಪೊಟ್ಟಣದಷ್ಟು ಹಸಿರು ಹಲಗೆ, ಅದರಿಂದ ಇಪ್ಪತ್ತನಾಲ್ಕು ತಂತಿ, ಒಂದೊಂದು ತಂತಿಯ ತುದಿಗೆ ಒಂದೊಂದು ಮರದ ನಲ್ಲಿ. ಬೆಳಗಿನ ಐದಕ್ಕೆ ಅದೇ ಎದ್ದು, ಯಾವ ಮರಕ್ಕೆ ಎಷ್ಟು ನಿಮಿಷವೋ ಅಷ್ಟು ನೀರು ಬಿಟ್ಟು, ಅದೇ ಮಲಗುತ್ತದೆ. ನಾನು ಆರೂವರೆಗೆ ಎದ್ದು ಕಾಫಿ ಕುಡಿಯುತ್ತೇನೆ.

ಹೋದ ಬೇಸಿಗೆಯಲ್ಲಿ ಅವಳು ಹೆರಿಗೆಗೆ ಹೊಸಕೋಟೆಯ ತವರಿಗೆ ಹೊರಟಳು. ಹೊರಡುವ ಮೊದಲು ನನಗೆ ಪಾಠವಾಯಿತು. ಏಕೆಂದರೆ ದೊಡ್ಡ ಮರಗಳಿಗೆ ಒಂದು ತಿಂಗಳು ನೀರು ನಿಲ್ಲಿಸಿದ್ದೆವು. ಚಕ್ಕೋತವನ್ನು ಸ್ವಲ್ಪ ಬಾಡಿಸಿದರೆ ಆಮೇಲೆ ಚೆನ್ನಾಗಿ ಹೂ ಕಟ್ಟುತ್ತದೆ. ಆದರೆ ಸಾಲಿನ ನಡುವೆ, ಒಂಬತ್ತನೆಯ ಜಾಗದಿಂದ ಐದು, ಹೊಸ ಸಸಿಗಳನ್ನು ನೆಡುವುದಿತ್ತು. ಆ ಐದಕ್ಕೆ ಮಾತ್ರ ದಿನಕ್ಕೆ ಇಪ್ಪತ್ತು ನಿಮಿಷ ನೀರು ಹೋಗಬೇಕು, ಉಳಿದವಕ್ಕೆ ಸೊನ್ನೆ. ನೆಟ್ಟ ದಿನ ಒಂದು ಸಾಲು ಟೈಪ್ ಮಾಡುವ ಕೆಲಸ ನನ್ನದು.

ತುಂಬಿದ ಬಸುರಿ ಕುರ್ಚಿಯ ಮೇಲೆ ಕೂತು, ಅಜ್ಜಿಯ ಹಳೇ ಊರುಗೋಲು ತರಿಸಿಕೊಂಡು ಮಣ್ಣಿನ ಮೇಲೆ ಚೌಕಗಳನ್ನು ಗೀಚಿದಳು.

"ನೋಡಿ ಮಾವ, ನೀರು ಅನ್ನೋದು ಸಾಲಾಗಿ ಜೋಡಿಸಿರೋ ಇಪ್ಪತ್ನಾಲ್ಕು ಡಬ್ಬಿ. ಯಾವ ಮರಕ್ಕೆ ಎಷ್ಟು ನಿಮಿಷ ಅನ್ನೋದು ಆ ಡಬ್ಬಿ ಒಳಗಿರುತ್ತೆ. ಹಾಕು ಅನ್ನೋನು ಕೆಲಸದವನು ಅಂದ್ಕೊಳಿ. ಅವನಿಗೆ ತೋಟ ಪೂರ್ತಿ ಗೊತ್ತಿಲ್ಲ. ಎಲ್ಲಿಂದ ಶುರು ಅಂತ ಬೆರಳು ಮಾಡಿ ತೋರಿಸ್ಬೇಕು, ಎಷ್ಟು ಅಂತ ಹೇಳ್ಬೇಕು. ಆ ಬೆರಳೇ ಪಾಯಿಂಟರ್ರು."

"ಅಂದ್ರೆ ಆ ಐದನ್ನ ಸಾಲಿಂದ ಕತ್ತರಿಸಿ ಅವನ ಕೈಗೆ ಕೊಡೋದು."

"ಅಯ್ಯೋ ಇಲ್ಲ ಮಾವ. ಕತ್ತರಿಸೋದೂ ಇಲ್ಲ, ಅದರದ್ದೇ ಇನ್ನೊಂದು ಮಾಡಿಕೊಡೋದೂ ಇಲ್ಲ. ಸಾಲು ಇದ್ದಲ್ಲೇ ಇರುತ್ತೆ. ಬೆರಳು ಮಾತ್ರ ನಡುವೆ ಹೋಗಿ ನಿಲ್ಲುತ್ತೆ. ಅವನು ಅಲ್ಲಿ ಏನು ಮಾಡಿದ್ರೂ ಸಾಲಿಗೇ ಮಾಡಿದ ಹಾಗೆ."

"ಮತ್ತೆ ಈ ನಕ್ಷತ್ರ ಯಾಕಮ್ಮ?" ಎಂದೆ. ಲ್ಯಾಪ್‌ಟಾಪಿನಲ್ಲಿ ಅವಳು ಬರೆದಿದ್ದರಲ್ಲಿ ಅಲ್ಲೊಂದು ಇಲ್ಲೊಂದು ನಕ್ಷತ್ರದ ಗುರುತಿತ್ತು. ಡ್ರಾಯಿಂಗ್ ಮೇಷ್ಟ್ರಿಗೆ ಅದೊಂದೇ ಪರಿಚಯದ ಮುಖ.

"ಅದನ್ನ ಮುಟ್ಬೇಡಿ ಮಾವ" ಎಂದಳು. ಹತ್ತು ವರ್ಷದ ಪಾಠದ ಅನುಭವ ಅವಳ ದನಿಯಲ್ಲಿತ್ತು. "ಎರಡೇ ನೆನಪಿಟ್ಕೊಳಿ. ಇದು ಸೊನ್ನೆಯಿಂದ ಶುರುವಾಗುತ್ತೆ. ಮೊದಲನೇ ಮರ ಅಂದ್ರೆ ನೀರು ಪ್ಲಸ್ ಸೊನ್ನೆ. ಎಷ್ಟು ಮರ ದಾಟಬೇಕೋ ಅಷ್ಟು ಪ್ಲಸ್ಸು."

ನಾನು ಚೀಟಿಯಲ್ಲಿ "ಸೊನ್ನೆಯಿಂದ ಶುರು" ಎಂದು ದುಂಡಗೆ ಬರೆದುಕೊಂಡೆ. ಎರಡನೆಯದನ್ನು ಬರೆದುಕೊಳ್ಳಲಿಲ್ಲ. ಏಕೆಂದರೆ ಅಷ್ಟು ಹೊತ್ತಿಗೆ ನಾನು ಅಲ್ಲಿರಲಿಲ್ಲ. ಎಂಟು ವರ್ಷದವನಾಗಿ ಅಜ್ಜಿಯ ಸೆರಗು ಹಿಡಿದು ಅದೇ ಸಾಲಿನಲ್ಲಿ ನಡೆಯುತ್ತಿದ್ದೆ.

ಅಜ್ಜಿ ಒಂದು ದಿನ ಇದೇ ಊರುಗೋಲನ್ನು ಒಂಬತ್ತನೆಯ ಮರದತ್ತ ಚಾಚಿ ಹೇಳಿದ್ದಳು: "ಇಲ್ಲಿಂದ ಐದು ಮರ ನಿಂದು ಕಣ್ಲಾ ಮಗ. ನೀನೇ ಪಾತಿ ಮಾಡ್ಬೇಕು, ನೀನೇ ನೋಡ್ಕೋಬೇಕು." ಬೇಲಿ ಇಲ್ಲ, ಗುರುತಿನ ಕಲ್ಲಿಲ್ಲ, ಒಂದು ಕೋಲು ಚಾಚಿದ್ದಷ್ಟೇ. ನಾನು ಆಳುವ ದೊರೆಯಾಗಿಬಿಟ್ಟೆ. ಕೆಮ್ಮಣ್ಣು ಕಲಸಿ ಐದು ಮರದ ಬುಡಕ್ಕೂ ಹುಲಿಪಟ್ಟೆ ಬಳಿದೆ. ಒಂದಕ್ಕೆ ಮೀಸೆಯನ್ನೂ ಬರೆದೆ. ನನ್ನ ಕಲಾಜೀವನ ಶುರುವಾದದ್ದು ಅಲ್ಲಿ. ಸಂಜೆ ಅಜ್ಜಿ ನೋಡಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ಲಾ ಇದು, ನನ್ ಸಾಲಿಗೆ ಮಾರಮ್ಮನ ಮುಖ ಬಂದೈತೆ?"

"ನನ್ ಮರ ಅಂದಿದ್ಯಲ್ಲಜ್ಜಿ!"

"ನಿಂದೂ ಅಂದ್ರೆ? ಕಿತ್ಕೊಂಡ್ ಹೋಗಿ ನಿನ್ ಜೇಬಲ್ಲಿಟ್ಕೊಂಡಿದ್ಯಾ? ನನ್ ಸಾಲಲ್ಲೇ ಐತಲ್ಲೋ ಅದು!"

ಇನ್ನೊಂದು ಸಲ ಅದಕ್ಕಿಂತ ದೊಡ್ಡ ಗಲಾಟೆಯಾಯಿತು. ನನ್ನ ಐದು ಮರ ಮುಗಿದಲ್ಲಿ ಯಾರೂ ಅಡ್ಡ ನಿಂತಿರಲಿಲ್ಲವಾದ್ದರಿಂದ ಆರನೆಯದನ್ನೂ ಹತ್ತಿದೆ. ಅದರಲ್ಲಿದ್ದ ಒಂದೇ ದೊಡ್ಡ ಕಾಯಿ ಅತ್ತೆಯ ಸೀಮಂತಕ್ಕೆಂದು ಅಜ್ಜಿ ಕಣ್ಣಿಟ್ಟು ಕಾಯುತ್ತಿದ್ದದ್ದು. ಅದನ್ನು ಕಿತ್ತು ಚೆಂಡಿನಂತೆ ಒದ್ದುಕೊಂಡು ಆಡಿ, ಒಡೆದುಹಾಕಿದೆ. ಅಜ್ಜಿ ಹೊಡೆಯಲಿಲ್ಲ. "ಎಲ್ಲಿಂದ ಅಂತ್ಲೂ ಹೇಳಿದ್ದೆ, ಎಷ್ಟು ಅಂತ್ಲೂ ಹೇಳಿದ್ದೆ. ಎಷ್ಟು ಅಂದದ್ದು ಕಿವಿಗೆ ಬೀಳ್ನಿಲ್ವಾ?" ಎಂದಳು ಅಷ್ಟೇ. ಪಲ್ಲವಿಯ ಕೆಲಸದವನಿಗೂ ಇದೇ ಚಾಳಿಯಂತೆ. ಐದು ಎಂದು ಹೇಳದಿದ್ದರೆ ಅವನು ಆರು, ಏಳು ಎಂದು ಪಕ್ಕದವರ ಹೊಲಕ್ಕೇ ನುಗ್ಗುತ್ತಾನಂತೆ. ನನಗೆ ಅವನ ಮೇಲೆ ತುಂಬ ಪ್ರೀತಿ ಬಂತು.

ಅಜ್ಜಿಯ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಅವಳು ಒಂದು ಎಂದು ಎಣಿಸುತ್ತಿರಲಿಲ್ಲ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ "ಲಾಭ" ಎನ್ನುವುದು ನಮ್ಮ ಕಡೆಯ ಪದ್ಧತಿ. ಆಮೇಲೆ ಎರಡು, ಮೂರು. ರಾಶಿಯ ಶುಭಕ್ಕೆ ಅಂತ. ಬೇರೆಯವರು ಅದನ್ನು ಕಣದಲ್ಲೇ ಬಿಟ್ಟು ಮನೆಗೆ ಬರುತ್ತಿದ್ದರು. ನಮ್ಮಜ್ಜಿ ಮನೆಗೂ ತಂದಳು. ಕೋಳಿಮರಿ ಎಣಿಸಿದರೂ ಲಾಭ, ಎರಡು, ಮೂರು. ಮುದ್ದೆ ಕಟ್ಟಿದರೂ ಲಾಭ, ಎರಡು, ಮೂರು. ಮೊಮ್ಮಕ್ಕಳನ್ನು ಊಟಕ್ಕೆ ಕೂರಿಸಿ ತಲೆ ಎಣಿಸಿದರೆ ಹಿರಿಯವನಾದ ನಾನು ಲಾಭ. ಅವಳ ಕೈಯಲ್ಲಿ ಎಣಿಕೆ ಕಲಿತ ನಾನು ಒಂದನೆಯ ಕ್ಲಾಸಿನಲ್ಲಿ ಮೇಷ್ಟ್ರ ಮುಂದೆ ಹಾಗೇ ಎಣಿಸಿ ಕಿವಿ ಹಿಂಡಿಸಿಕೊಂಡೆ. ಆದರೂ ಬಿಟ್ಟಿಲ್ಲ. ಇವತ್ತಿಗೂ ಮಾತ್ರೆಯ ಪಟ್ಟಿ ಬಿಡಿಸಿದರೆ ಮೊದಲನೆಯದು ಲಾಭವೇ.

ಅಜ್ಜಿ ಕೊಟ್ಟ ಆ ಐದರಲ್ಲಿ ನಾಲ್ಕು ಈಚಿನ ವರ್ಷಗಳಲ್ಲಿ ಒಂದೊಂದಾಗಿ ಒಣಗಿದವು. ಉಳಿದಿದ್ದ ಒಂಬತ್ತನೆಯದು, ಹುಲಿಪಟ್ಟೆಯಲ್ಲಿ ಮೊದಲನೆಯದು, ಎರಡು ವರ್ಷದ ಕೆಳಗೆ ಗಾಳಿಗೆ ವಾಲಿತು. ಪಕ್ಕದ ತೋಟದ ಪಿಳ್ಳಪ್ಪ ಗೂಟಿ ಕಟ್ಟುವುದರಲ್ಲಿ ಪಳಗಿದವನು. ಕೊಂಬೆಯ ತೊಗಟೆ ಸುಲಿದು, ಒದ್ದೆ ಮಣ್ಣು ಕಟ್ಟಿ, ಅಲ್ಲೇ ಬೇರು ಬರಿಸುವ ವಿದ್ಯೆ ಅದು. ಮರ ಪೂರ್ತಿ ಬೀಳುವ ಮೊದಲು ನಾಲ್ಕು ಕೊಂಬೆಗೆ ಕಟ್ಟಿದ. ಮೂರು ಕೊಳೆತವು, ಒಂದು ಬೇರು ಬಿಟ್ಟಿತು. ನನ್ನ ಹತ್ತಿರ ಅಜ್ಜಿಯ ಒಂದು ಫೋಟೋವೂ ಇಲ್ಲ. ನೆನಪಿನಿಂದ ಬರೆಯಲು ಕೂತರೆ ಮೂಗು ಬರುತ್ತದೆ, ಮುಖ ಬರುವುದಿಲ್ಲ. ಮೂವತ್ತೊಂದು ವರ್ಷ ಡ್ರಾಯಿಂಗ್ ಕಲಿಸಿದವನ ಯೋಗ್ಯತೆ ಇದು. ಅವಳು ಬೆಳೆಸಿದ ಆ ಹಣ್ಣಿನ ಕೆಂಪು ತೊಳೆ ಮಾತ್ರ, ಸಿಹಿಯ ಕೊನೆಗೆ ಒಂದೇ ಒಂದು ಎಳೆ ಕಹಿ ಬಿಟ್ಟುಹೋಗುವ ಆ ರುಚಿ ಮಾತ್ರ, ನನಗೆ ಚೆನ್ನಾಗಿ ನೆನಪಿದೆ. ಬೇರೆ ಯಾವ ಮರದ್ದೂ ಹಾಗಿಲ್ಲ. ಆ ರುಚಿ ಈಗ ಮೊಣಕಾಲೆತ್ತರದ ಒಂದು ಸಸಿಯಲ್ಲಿತ್ತು.

ಪಲ್ಲವಿ ಹೋದ ವಾರಕ್ಕೆ ನೆಟ್ಟೆವು. ಅಜ್ಜಿಯ ಸಸಿಯನ್ನು ಅದೇ ಒಂಬತ್ತನೆಯ ಜಾಗಕ್ಕೆ, ನರ್ಸರಿಯ ನಾಲ್ಕನ್ನು ಅದರ ಮುಂದೆ. ಬುಡಕ್ಕೆಲ್ಲ ರಾಗಿಹುಲ್ಲು ಹೊದಿಸಿದೆವು. ನಾಲ್ಕು ದಿನ ಬಿಂದಿಗೆಯಲ್ಲಿ ನೀರು ಹಾಕಿದೆ. ಐದನೆಯ ದಿನ ಪಂಪ್‌ಸೆಟ್ ಮನೆಯಲ್ಲಿ ಕೂತು ಲ್ಯಾಪ್‌ಟಾಪು ತೆಗೆದೆ.

ಚೀಟಿ ನೋಡಿದೆ. ಸೊನ್ನೆಯಿಂದ ಶುರು. ಮಿಂಚು ಹೊಳೆದಂತೆ ಒಂದು ವಿಷಯ ಹೊಳೆಯಿತು. ಈ ಭಾಷೆ ಮಾಡಿದವರೂ ಒಂದು ಎನ್ನಲು ಒಪ್ಪದವರು! ಇವರಿಗೂ ಒಂದರಿಂದ ಎಣಿಕೆ ಶುರು ಮಾಡುವುದು ಇಷ್ಟವಿಲ್ಲ. ಇವರು ಸೊನ್ನೆ ಅನ್ನುತ್ತಾರೆ, ನಮ್ಮಜ್ಜಿ ಲಾಭ ಅನ್ನುತ್ತಿದ್ದಳು. ಎರಡೂ ಒಂದೇ! ಅಂದ ಮೇಲೆ ಅಜ್ಜಿಯ ಎಣಿಕೆಯಲ್ಲಿ ಒಂಬತ್ತಾದದ್ದು ಇವರಲ್ಲೂ ಒಂಬತ್ತೇ. ಇಷ್ಟು ಸುಲಭದ್ದನ್ನು ಕಾಲೇಜಿನಲ್ಲಿ ವರ್ಷಗಟ್ಟಲೆ ಕಲಿಸುತ್ತಾರಲ್ಲ ಎಂದು ಮರುಕವಾಯಿತು. ಒಂದೇ ಬೆರಳಿನಲ್ಲಿ ನೀರು ಪ್ಲಸ್ ಒಂಬತ್ತು ಎಂದು ಕುಟ್ಟಿದೆ. ಬರೆದದ್ದನ್ನು ಡಬ್ಬಿಗೆ ಕಳಿಸಲು ಪಲ್ಲವಿ ತೋರಿಸಿದ್ದ ಬಾಣದ ಗುರುತು ಒತ್ತಿದೆ. ಹಸಿರು ಹಲಗೆಯ ಮೇಲೆ ಒಂದು ದೀಪ ಪಿಳಿಪಿಳಿ ಅಂದಿತು. ಅದೇ ಸಾಲನ್ನು ಇನ್ನೊಂದು ಚೀಟಿಯ ಮೇಲೂ ಬರೆದು ಫ್ರಿಜ್ಜಿಗೆ ಅಂಟಿಸಿದೆ.

"ಆಯ್ತಾ?" ಎಂದಳು ನನ್ನ ಹೆಂಡತಿ ರತ್ನ.

"ಆಗ್ದೆ ಏನು? ಇದೆಲ್ಲ ನಮ್ಮಜ್ಜಿ ಹೇಳ್ಕೊಟ್ಟಿದ್ದೇ ಕಣೇ."

"ನಿಮ್ಮಜ್ಜಿ ಎರಡು ಬಿಂದಿಗೆ ನೀರು ಹೊತ್ತು ಹಾಕೋದನ್ನೂ ಹೇಳ್ಕೊಟ್ಟಿದ್ರು" ಎಂದಳು.

ಮರುದಿನ ಏಳು ಗಂಟೆಗೆ ಹೋಗಿ, ಹನ್ನೊಂದನೆಯ ಗಿಡದ ಹುಲ್ಲು ಎತ್ತಿ ನೋಡಿದೆ. ಹಸಿ. ಐದೂ ಹಸಿ ಎಂದು ತೀರ್ಮಾನಿಸಿ ವಾಪಸು ಬಂದೆ. ಯಾಕೆ ಹನ್ನೊಂದನೆಯದು ಎಂದು ಕೇಳಬೇಡಿ. ಮನೆಯಿಂದ ತೋಟಕ್ಕೆ ಕಾಲಿಟ್ಟರೆ ಅದೇ ಮೊದಲು ಸಿಗುವುದು.

ಒಂದು ವಾರಕ್ಕೆ ಅಜ್ಜಿಯ ಸಸಿಯ ಎಲೆ ಮುದುರತೊಡಗಿತು. ಬಿಸಿಲು ಎಂದುಕೊಂಡು ನನ್ನ ಸ್ಕೂಲಿನ ಕಾಲದ ಕಪ್ಪು ಕೊಡೆಯನ್ನು ಗೂಟಕ್ಕೆ ಕಟ್ಟಿ ನೆರಳು ಮಾಡಿದೆ. ಎಲೆ ಹಳದಿಯಾಯಿತು. ಗೆದ್ದಲೆಂದುಕೊಂಡು ಬೇವಿನೆಣ್ಣೆ ಸಿಂಪಡಿಸಿದೆ. ಎಲೆ ಉದುರಿತು. ರತ್ನ ದೃಷ್ಟಿಯೆಂದು ಮೆಣಸಿನಕಾಯಿ ಕಟ್ಟಿದಳು. ಕೊಡೆ, ಮೆಣಸಿನಕಾಯಿ, ಬೇವಿನೆಣ್ಣೆಯ ವಾಸನೆ. ಆ ಸಸಿ ಆಸ್ಪತ್ರೆಗೆ ಹೊರಟ ಮುದುಕಿಯ ಹಾಗೆ ಕಾಣುತ್ತಿತ್ತು. ನೀರಿನ ಮೇಲೆ ಮಾತ್ರ ನನಗೆ ಅನುಮಾನವೇ ಇಲ್ಲ. ನೀರು ಮಿಷನ್ನಿನ ಕೆಲಸ, ಮಿಷನ್ನು ತಪ್ಪು ಮಾಡುವುದಿಲ್ಲ.

ಇದರ ನಡುವೆ ಪಿಳ್ಳಪ್ಪ ಒಂದು ದಿನ ಬೇಲಿಯಾಚೆಯಿಂದ ಕೂಗಿ ಹೇಳಿದ್ದ: "ಮೇಷ್ಟ್ರೇ, ಎಲ್ಲಾ ದೊಡ್ ಮರನೂ ಬಾಡ್ತಾ ಐತೆ, ಹದಿನಾಲ್ಕನೇದು ಮಾತ್ರ ಮದುವಣಗಿತ್ತಿ ಥರ ಚಿಗುರ್ಕೊಂಡೈತಲ್ಲ!" ಪೈಪು ಸೋರುತ್ತಿರಬೇಕೆಂದು ಎರಡು ದಿನ ಮಂಡಿಯೂರಿ ಪೈಪಿನುದ್ದಕ್ಕೂ ಕೈಯಾಡಿಸಿದೆ. ಒಂದು ಹನಿ ಸೋರಿಕೆ ಸಿಗಲಿಲ್ಲ. ನನಗೆ ಏನೂ ಅರ್ಥವಾಗಲಿಲ್ಲ. ಬೇಕಾದ ಕಡೆ ಬಾಡುತ್ತಿದೆ, ಬೇಡದ ಕಡೆ ಚಿಗುರುತ್ತಿದೆ. ಮಂಡಿ ಮಾತ್ರ ನನ್ನದು ನೋಯುತ್ತಿದೆ.

ಹತ್ತನೆಯ ದಿನ ಪಿಳ್ಳಪ್ಪ ಬೇಲಿ ದಾಟಿಯೇ ಬಂದ. ತಾನು ಬೇರು ಬರಿಸಿದ ಸಸಿ, ಅವನಿಗೂ ಹೊಟ್ಟೆ ಉರಿದಿತ್ತು. ಕೊಡೆಯನ್ನೂ ಮೆಣಸಿನಕಾಯಿಯನ್ನೂ ಒಮ್ಮೆ ನೋಡಿದ. ಕುಕ್ಕರಗಾಲಲ್ಲಿ ಕೂತು, ಹುಲ್ಲು ಸರಿಸಿ, ತೋರುಬೆರಳನ್ನು ಮಣ್ಣಿಗೆ ಚುಚ್ಚಿದ. ಗೆಣ್ಣಿನವರೆಗೂ ಹೋದ ಬೆರಳನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದ. ಬರೀ ಧೂಳು.

"ಏನ್ ಮೇಷ್ಟ್ರೇ, ಇದುಕ್ಕೆ ನೀರೇ ಬಿದ್ದಿಲ್ಲ!"

"ಹೆಂಗ್ ಬಿದ್ದಿಲ್ಲ? ದಿನಾ ಇಪ್ಪತ್ತು ನಿಮಿಷ ಬೀಳ್ತದೆ ಕಣಯ್ಯ!"

"ಯಾರ್ ನೋಡವ್ರೆ?"

ಬಿಂದಿಗೆಗೆ ಓಡಿದೆ. ಮಣ್ಣು ನೀರನ್ನು ಕುಡಿದ ಸದ್ದು ನನ್ನ ಕಿವಿಗೇ ಕೇಳಿಸಿತು. ಆಮೇಲೆ ಹೊಸಕೋಟೆಗೆ ಫೋನು ಮಾಡಿದೆ. ಹೆರಿಗೆಯಾಗಿ ಆರು ದಿನವಾಗಿತ್ತು, ಹೆಣ್ಣುಮಗು. ಬಾಣಂತಿಗೆ ಇಂಥದ್ದಕ್ಕೆ ಫೋನು ಮಾಡುವುದೇ ಎಂದು ರತ್ನ ಬಯ್ಯುತ್ತಲೇ ಇದ್ದಳು.

"ಏನು ಬರೆದಿದ್ದೀರಾ, ಓದಿ ಮಾವ" ಎಂದಳು ಪಲ್ಲವಿ. ಹಿಂದೆ ಮಗು ಕುಂಯ್ ಅನ್ನುತ್ತಿತ್ತು.

"ಹಾಕು, ನೀರು ಪ್ಲಸ್ ಒಂಬತ್ತು, ಐದು, ಇಪ್ಪತ್ತು."

"ಒಂಬತ್ತು ಯಾಕೆ? ಸೊನ್ನೆಯಿಂದ ಶುರು ಅಂದಿದ್ನಲ್ಲ?"

"ನಾನೂ ಅಲ್ಲಿಂದ್ಲೇ ಶುರು ಮಾಡಿದ್ದಮ್ಮ."

"ಎಲ್ಲಿ, ಎಣಿಸಿ ನೋಡೋಣ."

ನಾನು ಸಾಲಿನ ಮೊದಲ ಮರದ ಹತ್ತಿರ ಹೋಗಿ ನಿಂತು ಶುರು ಮಾಡಿದೆ. "ಲಾಭ, ಎರಡು, ಮೂರು, ನಾಲ್ಕು..."

"ಒಂದ್ನಿಮಿಷ, ಒಂದ್ನಿಮಿಷ. ಒಂದು ಎಲ್ಲೋಯ್ತು?"

"ಒಂದು ಅನ್ನೋ ಹಾಗಿಲ್ಲಮ್ಮ. ಅದರ ಬದಲು ಲಾಭ."

ಹೊಸಕೋಟೆಯಲ್ಲಿ ಅವಳು ನಕ್ಕ ನಗುವಿಗೆ ಮಗು ಬೆಚ್ಚಿಬಿದ್ದು ಅಳತೊಡಗಿತು. ಅದನ್ನು ಸಮಾಧಾನ ಮಾಡಿಕೊಂಡೇ ಹೇಳಿದಳು.

"ಮಾವ, ಅಜ್ಜಿ ಲಾಭ ಆದ್ಮೇಲೆ ಎರಡು ಅಂತಿದ್ರು. ನಂದು ಸೊನ್ನೆ ಆದ್ಮೇಲೆ ಒಂದು ಅನ್ನುತ್ತೆ. ಲಾಭ ಅಂದ್ರೆ ಒಂದು ಮರ ಲೆಕ್ಕಕ್ಕೆ ಬಂದಾಯ್ತು. ನನ್ನ ಸೊನ್ನೆ ಅಂದ್ರೆ ಇನ್ನೂ ಹೊರಟೇ ಇಲ್ಲ ಅಂತ. ಈಗ ಎಲ್ಲಿದ್ದೀರಾ?"

"ಮೊದಲನೇ ಮರದ ಹತ್ರ."

"ಅಲ್ಲೇ ಇದ್ದೀರಲ್ಲ, ಅದೇ ಸೊನ್ನೆ. ಅಲ್ಲಿಂದ ನಿಮ್ಮ ಸಸಿವರೆಗೂ ನಡೀರಿ. ಒಂದು ಮರದಿಂದ ಇನ್ನೊಂದಕ್ಕೆ ಹೋದ್ರೆ ಒಂದು."

ನಡೆದೆ. ಕೊಡೆಯ ಹತ್ತಿರ ಬಂದು ನಿಂತಾಗ ಎಂಟು. ಮತ್ತೆ ವಾಪಸು ಹೋಗಿ ನಡೆದೆ. ಎಂಟೇ. ಪಿಳ್ಳಪ್ಪ ಬೇಲಿಗೆ ಒರಗಿ ನೋಡುತ್ತಿದ್ದ. ಒಂಬತ್ತು ನಡೆದರೆ ಬೆರಳು ಹೋಗಿ ನಿಲ್ಲುವುದು ಹತ್ತನೆಯದರ ಮೇಲೆ. ಅಲ್ಲಿಂದ ಐದು ಎಂದರೆ ಕೊನೆಯದು ಆ ಮದುವಣಗಿತ್ತಿ, ಹದಿನಾಲ್ಕನೆಯದು. ನನ್ನ ಸಸಿಗೆ ಹತ್ತು ದಿನ ನಾನೇ, ನನ್ನ ಕೈಯಾರೆ, ಸೊನ್ನೆ ನಿಮಿಷ ನೀರು ಹಾಕಿದ್ದೆ. ಅದೂ ಅಜ್ಜಿಯ ಹೆಸರು ಹೇಳಿಕೊಂಡು.

"ತಪ್ಪು ನಂದೇ ಮಾವ. ಹೋಗೋ ಮುಂಚೆ ನಾನೇ ಬರೆದಿಟ್ಟು ಹೋಗ್ಬೇಕಿತ್ತು" ಎಂದಳು. ಬಾಣಂತಿಯಿಂದ ಕ್ಷಮೆ ಕೇಳಿಸಿಕೊಂಡ ಮಾವ ಎಂಬ ಹೆಸರೊಂದು ಬಾಕಿ ಇತ್ತು ನನಗೆ.

ಅಂದೇ ಒಂಬತ್ತು ಹೊಡೆದು ಎಂಟು ಮಾಡಿದೆ, ಡಬ್ಬಿಯೊಳಗೂ ಚೀಟಿಯ ಮೇಲೂ. ಈಗ ನನಗೆ ಎಲ್ಲ ಅರ್ಥವಾಯಿತೇ ಎಂದು ಕೇಳಿದರೆ, ಇಲ್ಲ. ಎಂಟು ವರ್ಷದವನಿದ್ದಾಗ ಒಂಬತ್ತನೆಯ ಮರದ ಬಳಿ ನಿಂತು, ಅಲ್ಲಿಂದಲೇ ಮತ್ತೆ ಲಾಭ, ಎರಡು, ಮೂರು ಎಂದು ಹೊಸದಾಗಿ ಎಣಿಸುತ್ತಿದ್ದೆ. ಪಲ್ಲವಿಯ ಕೆಲಸದವನು ಮಾಡುವುದೂ ಅದನ್ನೇ. ಬೆರಳು ನಿಂತಲ್ಲಿಂದಲೇ ಅವನ ಸೊನ್ನೆ. ಅಂದರೆ ಆಗ ನನಗೆ ಗೊತ್ತಿದ್ದದ್ದು ಅರವತ್ತಮೂರಕ್ಕೆ ಮರೆತುಹೋಯಿತೇ, ಅಥವಾ ಆಗಲೂ ಗೊತ್ತಿರಲಿಲ್ಲವೇ? ಒಂದೇ ಮರ ಅಜ್ಜಿಗೆ ಒಂಬತ್ತು, ಪಲ್ಲವಿಗೆ ಎಂಟು, ಕೆಲಸದವನಿಗೆ ಸೊನ್ನೆ, ನನಗೆ ಲಾಭ. ಮರಕ್ಕೆ ಮಾತ್ರ ಇದು ಯಾವುದೂ ಬೇಡ, ಅದಕ್ಕೆ ನೀರು ಬೇಕು. ನಕ್ಷತ್ರದ ವಿಷಯವನ್ನಂತೂ ನಾನು ಇನ್ನೂ ಎತ್ತಿಲ್ಲ.

ಸಸಿ ಬೋಳು ಕಡ್ಡಿಯಾಗಿ ನಿಂತಿತ್ತು. ಅಂದಿನಿಂದ ಬೆಳಗಿನ ಐದಕ್ಕೆ ನಾನೂ ಎದ್ದು ಹೋಗಿ, ನಲ್ಲಿ ಟಕ್ ಅನ್ನುವುದನ್ನು ಕೇಳಿ, ಬೆರಳು ಚುಚ್ಚಿ ನೋಡಿ ಬರತೊಡಗಿದೆ. "ಇದಕ್ಕಿಂತ ಬಿಂದಿಗೆನೇ ವಾಸಿಯಿತ್ತಲ್ಲ" ಎಂದಳು ರತ್ನ. ಆದರೆ ಅವಳೂ ಜೊತೆಗೆ ಬರುತ್ತಿದ್ದಳು. ವಾರಕ್ಕೊಮ್ಮೆ ಪಿಳ್ಳಪ್ಪ ಬಂದು ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದ. ಮೇಲೆ ಕಂದು. ಸ್ವಲ್ಪ ಕೆಳಗೆ ಕಂದು. ಬುಡದ ಹತ್ತಿರ, ಗೇಣುದ್ದ ಉಳಿದಾಗ, ಒಂದು ಸಣ್ಣ ಗೀರಿನಷ್ಟು ಹಸಿರು. "ಐತೆ ಮೇಷ್ಟ್ರೇ, ಜೀವ ಐತೆ. ಸುಮ್ಕಿರಿ, ದಿನಾ ಕೆರೀಬ್ಯಾಡಿ" ಎನ್ನುತ್ತಿದ್ದ. ಅವನು ಹೋದ ಮೇಲೆ ನಾನೂ ಒಂದು ಸಲ ಕೆರೆಯುತ್ತಿದ್ದೆ.

ನಲವತ್ತು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ, ಆ ಗೀರಿನ ಪಕ್ಕದಲ್ಲೇ ಸಾಸಿವೆಯಷ್ಟು ದಪ್ಪದ್ದೊಂದು ಗಂಟು ಕಂಡಿತು. ಕನ್ನಡಕ ಒರೆಸಿಕೊಂಡು ನೋಡಿದೆ. ರತ್ನಳನ್ನು ಕರೆದು ತೋರಿಸಿದೆ. ಮೂರನೆಯ ದಿನಕ್ಕೆ ಅದು ಬಿಚ್ಚಿ, ಮಗುವಿನ ಕಿರುಬೆರಳಿನ ಉಗುರಿನಷ್ಟು ಎಲೆಯಾಯಿತು. ಹೊಸಕೋಟೆಗೆ ಫೋನು ಮಾಡಿದೆ. ಆರೂ ಆಗಿರಲಿಲ್ಲ. ಮಗು ಅವಳನ್ನು ಮೊದಲೇ ಎಬ್ಬಿಸಿತ್ತು.

"ಚಿಗುರಿದೆ ಕಣಮ್ಮ!"

"ನಿಜವಾಗ್ಲೂ? ಎಷ್ಟು ಎಲೆ ಬಂದಿದೆ ಮಾವ?"

ಹೇಳಲು ಬಾಯಿ ತೆರೆದವನು ತಡೆದೆ. ಇವಳ ಮುಂದೆ ಯಾವ ಎಣಿಕೆ ಹೇಳಬೇಕು ಎಂದು ಗೊಂದಲವಾಯಿತು. ಸೊನ್ನೆ ಅನ್ನಲೇ, ಒಂದು ಅನ್ನಲೇ? ಬೆರಳು ಎಲೆಯ ಮೇಲೇ ಇತ್ತು. ನನಗೆ ಬರುವುದು ಒಂದೇ.

"ಲಾಭ" ಎಂದೆ.

ಈ ಸಲ ಅವಳು ನಗಲಿಲ್ಲ.

"ಹಂಗಾದ್ರೆ ಎರಡು ಆದಾಗ ಫೋನ್ ಮಾಡಿ ಮಾವ" ಎಂದಳು.